ವಿವಾದಕ್ಕೊಳಗಾದ ನ್ಯಾಯಾಧೀಶರೊಬ್ಬರ ವೃತ್ತಿಜೀವನವನ್ನು ಅಧ್ಯಯನ ಮಾಡುವ ಕ್ರಮ: ಮ್ಯಾನುಯೆಲ್ ರಿಯಾಲ್ ಅವರ ಕಡತಗಳನ್ನು ಮುಂದಿಟ್ಟುಕೊಂಡು

ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶಿವಮೊಗ್ಗದ ಕಾನೂನು ವಿದ್ಯಾರ್ಥಿಗಳು ಕೆಲವರು ಸೆಮಿನಾರ್ ಪ್ರಬಂಧದ ಕರಡು ಹಿಡಿದು ನಮ್ಮ ವಕೀಲರ ಕಚೇರಿಗೆ ಬರುತ್ತಾರೆ. ಈ ಸಲ ಬಂದ ಇಬ್ಬರು, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಿಚಾರಣಾ ನ್ಯಾಯಾಧೀಶರಾಗಿದ್ದ ಮ್ಯಾನುಯೆಲ್ ರಿಯಾಲ್ ಅವರ ವೃತ್ತಿಜೀವನವನ್ನು ವಿಷಯವಾಗಿ ಆರಿಸಿಕೊಂಡಿದ್ದರು. ಶ್ರಮಪಟ್ಟು ಬರೆದಿದ್ದರು. ಆದರೆ ಕರಡಿನ ತುಂಬ ‘ಸರ್ವಾಧಿಕಾರಿ’, ‘ಹಠಮಾರಿ’, ‘ನಿರ್ಭೀತ’ ಎಂಬ ವಿಶೇಷಣಗಳೇ ಇದ್ದವು. ಯಾವ ಆದೇಶದ ಯಾವ ಭಾಗವನ್ನು ಓದಿ ಈ ಮಾತು ಬರೆದಿರಿ ಎಂದು ಕೇಳಿದಾಗ ಇಬ್ಬರಲ್ಲೂ ಉತ್ತರವಿರಲಿಲ್ಲ. ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು, ಇಂಥ ಕೆಲಸಕ್ಕೆ ಕೈಹಾಕುವ ಉಳಿದವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ನ್ಯಾಯಾಧೀಶರು ಕಾನೂನನ್ನು ತಪ್ಪಾಗಿ ಅರ್ಥಮಾಡಿಕೊಂಡು ಕೊಟ್ಟ ಆದೇಶ ಒಂದು ಬಗೆ. ಪೀಠದ ಅಧಿಕಾರವನ್ನು ಸಲ್ಲದ ರೀತಿಯಲ್ಲಿ ಬಳಸಿ ಕೊಟ್ಟ ಆದೇಶ ಇನ್ನೊಂದು ಬಗೆ. ಮೊದಲನೆಯದಕ್ಕೆ ಮದ್ದು ಮೇಲ್ಮನವಿ. ಎರಡನೆಯದಕ್ಕೆ ದೂರು, ಶಿಸ್ತುಕ್ರಮ, ಕೊನೆಗೆ ಮಹಾಭಿಯೋಗ, ಅಂದರೆ ಶಾಸನಸಭೆ ವಿಚಾರಣೆ ನಡೆಸಿ ನ್ಯಾಯಾಧೀಶರನ್ನು ಪದಚ್ಯುತಗೊಳಿಸುವ ಪ್ರಕ್ರಿಯೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಏಕೆಂದರೆ ಎರಡರಲ್ಲೂ ಸೋತವನ ನೋವು ಒಂದೇ.

ಇದನ್ನು ನಾನು ಕಲಿತದ್ದು ವಕಾಲತ್ತು ಆರಂಭಿಸಿದ ಎರಡನೆಯ ವರ್ಷದಲ್ಲಿ. ಮಲೆನಾಡಿನ ಒಂದು ತಾಲೂಕು ನ್ಯಾಯಾಲಯದಲ್ಲಿ ಅಣ್ಣ ತಮ್ಮಂದಿರ ನಡುವಿನ ಅಡಿಕೆ ತೋಟದ ಪಾಲಿನ ದಾವೆಯಲ್ಲಿ, ಕೊಯ್ಲು ಶುರುವಾಗುವ ಹೊತ್ತಿಗೆ, ನಮ್ಮ ಕಕ್ಷಿದಾರರು ಅಡಿಕೆಯ ಕೊನೆ ಇಳಿಸಬಾರದು ಎಂದು ಎರಡು ಸಾಲಿನ ಮಧ್ಯಂತರ ತಡೆಯಾಜ್ಞೆ ಬಂತು. ಕಾರಣವೆಂದು ಒಂದು ಪದವೂ ಅದರಲ್ಲಿರಲಿಲ್ಲ. ಜಿಲ್ಲಾ ನ್ಯಾಯಾಲಯದಲ್ಲಿ ಮೇಲ್ಮನವಿ ಹಾಕಿ ಅದನ್ನು ರದ್ದು ಮಾಡಿಸುವಷ್ಟರಲ್ಲಿ ಅಡಿಕೆ ಮರದಲ್ಲೇ ಹಣ್ಣಾಗಿ ಗೋಟಾಗಿತ್ತು, ಆ ವರ್ಷದ ಬೇಯಿಸುವ ಅಡಿಕೆಯ ಬೆಲೆ ಕೈತಪ್ಪಿತ್ತು. ನ್ಯಾಯಾಧೀಶರ ಮೇಲೆ ದೂರು ಕೊಡಲೇಬೇಕೆಂದು ನಾನು ಸಿಟ್ಟಿನಲ್ಲಿ ಅರ್ಜಿ ಬರೆದಾಗ, ನಮ್ಮ ಹಿರಿಯ ವಕೀಲರು ಅದನ್ನು ಪೂರ್ತಿ ಓದಿ, “ಆದೇಶ ತಪ್ಪು ಅಂತ ಇಲ್ಲಿ ಹತ್ತು ಸಲ ಹೇಳಿದ್ದೀಯ. ಅವರು ತಪ್ಪು ನಡೆದರು ಅಂತ ಎಲ್ಲಿ ತೋರಿಸಿದ್ದೀಯ?” ಎಂದು ಕೇಳಿದರು. ಆ ಅರ್ಜಿ ಹೋಗಲಿಲ್ಲ. ಆದರೆ ಕಾರಣ ಬರೆಯದೆ ಬಂದ ಆ ಎರಡು ಸಾಲು ನನಗೆ ಇವತ್ತಿಗೂ ಮರೆತಿಲ್ಲ, ಮತ್ತು ರಿಯಾಲ್ ಅವರ ಕಡತಗಳಲ್ಲಿ ನನ್ನ ಆಸಕ್ತಿ ಬೇರೂರಿದ್ದೂ ಅಲ್ಲಿಯೇ.

ಆದ್ದರಿಂದ ಕೆಲಸ ಆರಂಭಿಸುವಾಗ ಮೂರು ಕಟ್ಟು ಮಾಡಿಕೊಳ್ಳಿ: ನ್ಯಾಯಾಧೀಶರೇ ಕೊಟ್ಟ ಆದೇಶಗಳದ್ದು ಒಂದು, ಆ ಆದೇಶಗಳ ಮೇಲಿನ ಮೇಲ್ಮನವಿ ತೀರ್ಪುಗಳದ್ದು ಒಂದು, ಅವರ ನಡವಳಿಕೆಯ ಮೇಲಿನ ದೂರುಗಳದ್ದು ಒಂದು. ಪತ್ರಿಕಾ ವರದಿಗಳನ್ನು ಬೇರೆ ಇಡಿ. ಅವು ಎಲ್ಲಿ ಹುಡುಕಬೇಕೆಂದು ತೋರಿಸುವ ದಾರಿಗಲ್ಲುಗಳು ಮಾತ್ರ.

ಸೇವಾ ದಾಖಲೆ

ಅಮೆರಿಕದ ಸಂವಿಧಾನದ ಮೂರನೆಯ ವಿಧಿಯಡಿ ನೇಮಕಗೊಂಡ ಎಲ್ಲ ನ್ಯಾಯಾಧೀಶರ ಸೇವಾ ವಿವರವನ್ನು 1789ರಿಂದ ಇತ್ತೀಚಿನವರೆಗೆ ಫೆಡರಲ್ ಜುಡಿಷಿಯಲ್ ಸೆಂಟರ್ ತನ್ನ ಜಾಲತಾಣದಲ್ಲಿ ಉಚಿತವಾಗಿ ಒದಗಿಸುತ್ತದೆ. ಮೊದಲು ಅಲ್ಲಿಂದ ದಿನಾಂಕಗಳನ್ನು ಬರೆದುಕೊಳ್ಳಬೇಕು. ರಿಯಾಲ್ ಅವರು 1924ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೋದಲ್ಲಿ ಹುಟ್ಟಿದರು. ಲೊಯೋಲಾ ಕಾನೂನು ಶಾಲೆಯಲ್ಲಿ 1951ರಲ್ಲಿ ಪದವಿ ಪಡೆದರು. ಸಹಾಯಕ ಸರ್ಕಾರಿ ವಕೀಲರಾಗಿ, ಬಳಿಕ ಊರಿನಲ್ಲೇ ಖಾಸಗಿ ವಕೀಲರಾಗಿ, 1964ರಿಂದ ಆ ಪ್ರಾಂತ್ಯದ ಮುಖ್ಯ ಫೆಡರಲ್ ಸರ್ಕಾರಿ ವಕೀಲರಾಗಿ ಕೆಲಸ ಮಾಡಿದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರನ್ನು 1966ರಲ್ಲಿ ಹೊಸದಾಗಿ ರಚನೆಯಾದ ಸೆಂಟ್ರಲ್ ಡಿಸ್ಟ್ರಿಕ್ಟ್ ಆಫ್ ಕ್ಯಾಲಿಫೋರ್ನಿಯಾ ನ್ಯಾಯಾಲಯಕ್ಕೆ ನೇಮಿಸಿದರು. 1982ರಿಂದ 1993ರವರೆಗೆ ಅಲ್ಲಿಯ ಮುಖ್ಯ ನ್ಯಾಯಾಧೀಶರು. 2018ರ ನವೆಂಬರ್‌ನಲ್ಲಿ ಹಿರಿಯ ನ್ಯಾಯಾಧೀಶ ಎಂಬ ಅರೆನಿವೃತ್ತ ಸ್ಥಾನಕ್ಕೆ ಸರಿದು, 2019ರ ಜೂನ್‌ನಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿ ನಮ್ಮ ಓದುಗರಿಗೆ ಎರಡು ವಿಷಯ ವಿವರಿಸದೆ ಮುಂದೆ ಹೋಗಬಾರದು. ಒಂದು, ‘ಡಿಸ್ಟ್ರಿಕ್ಟ್ ಕೋರ್ಟ್’ ಎಂಬ ಹೆಸರು. ನಮ್ಮ ಜಿಲ್ಲಾ ನ್ಯಾಯಾಲಯವು ಸಾಗರದ ಅಥವಾ ತೀರ್ಥಹಳ್ಳಿಯ ಸಿವಿಲ್ ನ್ಯಾಯಾಧೀಶರ ತೀರ್ಪಿನ ಮೇಲೆ ಮೇಲ್ಮನವಿಯನ್ನೂ ಕೇಳುತ್ತದೆ; ಅಮೆರಿಕದ ಫೆಡರಲ್ ವ್ಯವಸ್ಥೆಯಲ್ಲಿ ಅದೇ ಹೆಸರಿನ ನ್ಯಾಯಾಲಯ ಮುಖ್ಯವಾಗಿ ಸಾಕ್ಷಿಯನ್ನು ಮೊದಲು ಕೇಳುವ, ಜ್ಯೂರಿಯನ್ನು (ಸಾಮಾನ್ಯ ಜನರಿಂದ ಆಯ್ದ ತೀರ್ಪುಗಾರರ ತಂಡವನ್ನು) ಕೂರಿಸುವ ನ್ಯಾಯಾಲಯ. ಅದರ ಮೇಲೆ ಪ್ರಾದೇಶಿಕ ಮೇಲ್ಮನವಿ ನ್ಯಾಯಾಲಯಗಳಿವೆ; ಕ್ಯಾಲಿಫೋರ್ನಿಯಾ ಮತ್ತು ಹವಾಯಿಗಳಿಗೆ ಅದು ನೈನ್ತ್ ಸರ್ಕ್ಯೂಟ್. ಅದರ ಮೇಲೆ ಸುಪ್ರೀಂ ಕೋರ್ಟ್. ಎರಡು, ಅಧಿಕಾರಾವಧಿ. ಕರ್ನಾಟಕದ ಜಿಲ್ಲಾ ನ್ಯಾಯಾಧೀಶರು 60ಕ್ಕೆ ನಿವೃತ್ತರಾಗುತ್ತಾರೆ, ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ, ಸಂವಿಧಾನದ 235ನೆಯ ವಿಧಿಯಂತೆ ಹೈಕೋರ್ಟಿನ ನಿಯಂತ್ರಣದಲ್ಲಿರುತ್ತಾರೆ. ಅಲ್ಲಿಯ ಫೆಡರಲ್ ನ್ಯಾಯಾಧೀಶರಿಗೆ ‘ಸನ್ನಡತೆ ಇರುವವರೆಗೆ’ ಅಧಿಕಾರ. ನಿವೃತ್ತಿಯ ವಯಸ್ಸಿಲ್ಲ, ಒಪ್ಪಿಗೆಯಿಲ್ಲದ ವರ್ಗಾವಣೆಯಿಲ್ಲ, ಸಂಬಳ ಇಳಿಸುವಂತಿಲ್ಲ. ರಿಯಾಲ್ ಒಬ್ಬರೇ ಒಂದೇ ನ್ಯಾಯಾಲಯದಲ್ಲಿ 52 ವರ್ಷ ಇದ್ದುದು, ಅವರ ಸ್ವಭಾವ ಆ ನ್ಯಾಯಾಲಯದ ವಕೀಲರ ಎರಡು ತಲೆಮಾರಿಗೆ ಪರಿಚಿತವಾದದ್ದು ಈ ಕಾರಣದಿಂದ. ನಮ್ಮಲ್ಲಿ ಆಗದವರು ಬಂದರೆ ಮುಂದಿನ ವರ್ಗಾವಣೆಗೆ ಕಾಯುತ್ತೇವೆ. ಅಲ್ಲಿ ಕಾಯುವುದಕ್ಕೆ ಅಂಥ ಗಡುವು ಇರಲಿಲ್ಲ.

ಕಡತ ಪಡೆಯುವುದು

ಪ್ರಕಟಿತ ಮೇಲ್ಮನವಿ ತೀರ್ಪುಗಳು ಗೂಗಲ್ ಸ್ಕಾಲರ್‌ನಲ್ಲೂ ಕೋರ್ಟ್‌ಲಿಸನರ್ ಜಾಲತಾಣದಲ್ಲೂ ಉಚಿತವಾಗಿ ಸಿಗುತ್ತವೆ. ವಿಚಾರಣಾ ನ್ಯಾಯಾಲಯದ ಆರ್ಡರ್ ಶೀಟ್ ಬೇಕಾದರೆ ಪೇಸರ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಖಾತೆ ತೆರೆಯಬೇಕು. ಪುಟಕ್ಕೆ 10 ಸೆಂಟ್, ಹೆಚ್ಚಿನ ದಾಖಲೆಗಳಿಗೆ ಒಂದಕ್ಕೆ ಗರಿಷ್ಠ 3 ಡಾಲರ್, ಮೂರು ತಿಂಗಳಲ್ಲಿ 30 ಡಾಲರ್ ಮೀರದಿದ್ದರೆ ಶುಲ್ಕ ಮನ್ನಾ. ವಿದ್ಯಾರ್ಥಿಗೆ ಈ ಮಿತಿ ಸಾಕಾಗುತ್ತದೆ. 1970ರ ದಶಕದ ಕಾಗದಗಳು ಅಲ್ಲಿರುವುದಿಲ್ಲ, ಅವುಗಳ ಸಾರಕ್ಕೆ ಮೇಲ್ಮನವಿ ತೀರ್ಪಿನ ಸಂಗತಿ ಭಾಗವನ್ನೇ ನಂಬಬೇಕು.

ಆದೇಶವನ್ನೂ ಮೇಲ್ಮನವಿಯನ್ನೂ ಜೊತೆಯಲ್ಲಿ ಓದುವುದು

ಮೊದಲ ಅಭ್ಯಾಸಕ್ಕೆ ಪಸಾಡೆನಾ ಶಾಲೆಗಳ ಮೊಕದ್ದಮೆಯನ್ನು ತೆಗೆದುಕೊಳ್ಳಿ. ಶಾಲೆಗಳಲ್ಲಿ ಕಪ್ಪು ಮತ್ತು ಬಿಳಿ ಮಕ್ಕಳು ಬೇರೆಬೇರೆಯಾಗಿ ಉಳಿಯುವಂತೆ ಆಡಳಿತ ನಡೆಯುತ್ತಿದೆ ಎಂದು 1968ರಲ್ಲಿ ವಿದ್ಯಾರ್ಥಿಗಳೂ ಪೋಷಕರೂ ದಾವೆ ಹೂಡಿದರು. 1970ರ ಜನವರಿಯಲ್ಲಿ ರಿಯಾಲ್, ಪ್ರತ್ಯೇಕತೆ ಇರುವುದು ನಿಜವೆಂದು ತೀರ್ಮಾನಿಸಿ, ಯಾವ ಶಾಲೆಯಲ್ಲೂ ಯಾವ ಅಲ್ಪಸಂಖ್ಯಾತ ಸಮುದಾಯದ ಮಕ್ಕಳೂ ಬಹುಸಂಖ್ಯಾತರಾಗಬಾರದು ಎಂಬ ಷರತ್ತಿನೊಡನೆ ಯೋಜನೆ ಸಲ್ಲಿಸಲು ಶಾಲಾ ಮಂಡಳಿಗೆ ಆಜ್ಞಾಪಿಸಿದರು. ಮಂಡಳಿ ಆ ತೀರ್ಪಿನ ಮೇಲೆ ಮೇಲ್ಮನವಿ ಹೋಗಲಿಲ್ಲ. ಆ ವರ್ಷದ ಶಾಲಾ ಆರಂಭಕ್ಕೆ ಯೋಜನೆ ಜಾರಿಯಾಯಿತು. ಆಮೇಲೆ ಜನ ಮನೆ ಬದಲಿಸುತ್ತ ಹೋದಂತೆ ಕೆಲವು ಶಾಲೆಗಳ ಅನುಪಾತ ಮತ್ತೆ ತಪ್ಪಿತು; 1974ರಲ್ಲಿ ಮಂಡಳಿ ಷರತ್ತಿನಿಂದ ಬಿಡುಗಡೆ ಕೇಳಿತು. ರಿಯಾಲ್ ನಿರಾಕರಿಸಿದರು. ಕನಿಷ್ಠ ತಮ್ಮ ಜೀವಿತಕಾಲದಲ್ಲಾದರೂ ಪಸಾಡೆನಾದ ಯಾವ ಶಾಲೆಯಲ್ಲೂ ಅಂಥ ಸ್ಥಿತಿ ಬರಬಾರದೆಂಬುದೇ ತಮ್ಮ ಆದೇಶದ ಅರ್ಥ ಎಂದು ಅವರು ಹೇಳಿದ್ದನ್ನು ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲಿ ಉಲ್ಲೇಖಿಸಿದೆ.

1976ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ನಿಲುವನ್ನು ತಳ್ಳಿಹಾಕಿತು. ಪ್ರಬಂಧ ಬರೆಯುವವರು ಎಡವುವುದು ಇಲ್ಲಿಯೇ. ‘ಶಾಲಾ ಏಕೀಕರಣದ ಆದೇಶ ರದ್ದಾಯಿತು’ ಎಂದು ಒಂದೇ ಸಾಲಿನಲ್ಲಿ ಬರೆದುಬಿಡುತ್ತಾರೆ. ರದ್ದಾದದ್ದು ಅದಲ್ಲ. ಪ್ರತ್ಯೇಕತೆ ಇತ್ತೆಂಬ 1970ರ ತೀರ್ಮಾನವನ್ನು ಯಾರೂ ಮುಟ್ಟಲಿಲ್ಲ. ಒಮ್ಮೆ ಅನುಪಾತ ಸರಿಪಡಿಸಿದ ಮೇಲೆ, ಮಂಡಳಿಯ ಕೈವಾಡವಿಲ್ಲದೆ ಜನವಸತಿ ಬದಲಾದದ್ದಕ್ಕಾಗಿ ವರ್ಷವರ್ಷವೂ ಮಕ್ಕಳನ್ನು ಮರುಹಂಚಿಕೆ ಮಾಡಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎಂಬುದಷ್ಟೇ ಬಹುಮತದ ತೀರ್ಪು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಬರೆದ ಭಿನ್ನಮತಕ್ಕೆ ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್ ಸಹಮತ ಸೂಚಿಸಿ, ಇಬ್ಬರೂ ವಿಚಾರಣಾ ನ್ಯಾಯಾಧೀಶರ ವಿವೇಚನೆಯ ಪರ ನಿಂತರು. ಆದ್ದರಿಂದ ಮೇಲ್ಮನವಿ ತೀರ್ಪು ಓದುವಾಗ ಹಾಳೆಯೊಂದನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಎಡಕ್ಕೆ ಕೆಳಗಿನ ಆದೇಶದಲ್ಲಿ ಉಳಿದುಕೊಂಡ ಅಂಶಗಳನ್ನೂ ಬಲಕ್ಕೆ ಬಿದ್ದುಹೋದ ಅಂಶಗಳನ್ನೂ ಬರೆಯಿರಿ. ಭಿನ್ನಮತವನ್ನು ಬಿಡದೆ ಓದಿ. ಈ ಪ್ರಕರಣ ಪೂರ್ತಿಯಾಗಿ ಮೇಲ್ಮನವಿ ಕಟ್ಟಿಗೆ ಸೇರಿದ್ದು. ಇದರಲ್ಲಿ ದುರ್ನಡತೆಯ ಮಾತೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇದು ಒಬ್ಬ ನ್ಯಾಯಾಧೀಶ ತಾನು ಕಂಡ ಅನ್ಯಾಯವನ್ನು ಬಿಟ್ಟುಕೊಡಲಾರದೆ ಅಧಿಕಾರದ ಗಡಿ ದಾಟಿದ ಪ್ರಕರಣ. ಅದಕ್ಕೆ ಗೌರವವನ್ನೂ ತಿದ್ದುಪಡಿಯನ್ನೂ ಒಟ್ಟಿಗೇ ಸಲ್ಲಿಸಬೇಕಾಗುತ್ತದೆ.

ಎರಡನೆಯ ಅಭ್ಯಾಸ ಇನ್ನೂ ದೊಡ್ಡದು. ಫಿಲಿಪ್ಪೀನ್ಸಿನ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ 1986ರಲ್ಲಿ ಪದಚ್ಯುತರಾಗಿ ಹವಾಯಿಗೆ ಬಂದಿಳಿದಾಗ, ಅವರ ಆಳ್ವಿಕೆಯಲ್ಲಿ ಹಿಂಸೆಗೊಳಗಾದವರೂ ಕೊಲೆಯಾದವರ ಮತ್ತು ಕಾಣೆಯಾದವರ ಮನೆಯವರೂ ಅಮೆರಿಕದ ನ್ಯಾಯಾಲಯಗಳಲ್ಲಿ ದಾವೆ ಹೂಡಿದರು. ಮೊದಲಿಗೆ ವಜಾ ಆದ ದಾವೆಗಳನ್ನು ನೈನ್ತ್ ಸರ್ಕ್ಯೂಟ್ 1989ರಲ್ಲಿ ಮತ್ತೆ ಜೀವಂತಗೊಳಿಸಿತು. ಹವಾಯಿಯಲ್ಲಿ ಒಟ್ಟುಗೂಡಿಸಿದ ಆ ಮೊಕದ್ದಮೆಗಳ ವಿಚಾರಣೆ ರಿಯಾಲ್ ಅವರ ಪಾಲಿಗೆ ಬಂತು. 1992ರಲ್ಲಿ ಜ್ಯೂರಿ ಮಾರ್ಕೋಸ್ ಅವರ ಆಸ್ತಿಯನ್ನು ಹೊಣೆಯಾಗಿಸಿತು, 1994ರಲ್ಲಿ 120 ಕೋಟಿ ಡಾಲರ್ ದಂಡರೂಪದ ಪರಿಹಾರವನ್ನು, 1995ರಲ್ಲಿ ಸುಮಾರು 76 ಕೋಟಿ 60 ಲಕ್ಷ ಡಾಲರ್ ನಷ್ಟಪರಿಹಾರವನ್ನು ವಿಧಿಸಿತು.

ಈ ಕಡತದಲ್ಲಿ ಗಮನವಿಟ್ಟು ಓದಬೇಕಾದದ್ದು ಹಣದ ಮೊತ್ತವನ್ನಲ್ಲ, ಅದನ್ನು ಲೆಕ್ಕ ಹಾಕಿದ ಕ್ರಮವನ್ನು. ಮೇಲ್ನೋಟಕ್ಕೆ ಸರಿಯಿದ್ದ ಕ್ಲೇಮುಗಳೇ 9,541 ಇದ್ದವು. ಒಬ್ಬೊಬ್ಬರನ್ನೂ ಸಾಕ್ಷಿಕಟ್ಟೆಗೆ ಹತ್ತಿಸಿ ಪಾಟೀಸವಾಲು ಮಾಡಿಸುವುದಾದರೆ ಅನೇಕರು ತೀರ್ಪು ಬರುವ ಮೊದಲೇ ಕಣ್ಣು ಮುಚ್ಚುತ್ತಿದ್ದರು. ಅವುಗಳಿಂದ 137 ಕ್ಲೇಮುಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆಯ್ದು, ನ್ಯಾಯಾಲಯ ನೇಮಿಸಿದ ವಿಶೇಷಾಧಿಕಾರಿಯ ಮೂಲಕ ಆ ಹೇಳಿಕೆಗಳನ್ನು ಫಿಲಿಪ್ಪೀನ್ಸಿನಲ್ಲೇ ದಾಖಲಿಸಿ, ಅವುಗಳ ಆಧಾರದ ಮೇಲೆ ಉಳಿದವರ ಪರಿಹಾರವನ್ನು ಅಂದಾಜು ಮಾಡುವ ಮಾರ್ಗವನ್ನು ರಿಯಾಲ್ ಒಪ್ಪಿದರು. ಆ 137ರಲ್ಲಿ 6 ಕ್ಲೇಮುಗಳು ನಿಲ್ಲುವುದಿಲ್ಲವೆಂದು ವಿಶೇಷಾಧಿಕಾರಿ ವರದಿ ಮಾಡಿದರು, ಅದರ ಪ್ರಮಾಣಕ್ಕೆ ತಕ್ಕಂತೆ ಒಟ್ಟು ಲೆಕ್ಕವನ್ನೂ ಇಳಿಸಲಾಯಿತು. 1996ರಲ್ಲಿ ನೈನ್ತ್ ಸರ್ಕ್ಯೂಟ್ ಬಹುಮತದಿಂದ ಇದನ್ನು ಎತ್ತಿಹಿಡಿಯಿತು. ಒಬ್ಬ ನ್ಯಾಯಾಧೀಶರು ಮಾತ್ರ, ಸಾಕ್ಷ್ಯವನ್ನೇ ಕೇಳದವರಿಗೂ ಪರಿಹಾರ ಕೊಡುವುದು ನ್ಯಾಯಸಮ್ಮತ ವಿಧಾನವಲ್ಲವೆಂದು ಭಾಗಶಃ ಭಿನ್ನಮತ ಬರೆದರು. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಶರಾವತಿ ಮುಳುಗಡೆ ಸಂತ್ರಸ್ತರು ನೆನಪಾಗುತ್ತಾರೆ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಮೊಮ್ಮಕ್ಕಳ ಕಾಲಕ್ಕೂ ಒಂದೊಂದು ಕುಟುಂಬದ ಭೂಮಿಯ ಹಕ್ಕು ಒಂದೊಂದು ಕಡತವಾಗಿ ಕಚೇರಿಯಿಂದ ಕಚೇರಿಗೆ ಅಲೆದಿರುವುದನ್ನು ಕಂಡವರಿಗೆ, ಒಟ್ಟಾಗಿ ನೋಡಿ ತೀರ್ಮಾನಿಸುವ ಮಾರ್ಗವೊಂದನ್ನು ಹುಡುಕಿದ ವಿಚಾರಣಾ ನ್ಯಾಯಾಧೀಶರ ಕೆಲಸದ ಬೆಲೆ ತಿಳಿಯುತ್ತದೆ. ಆ ಭಿನ್ನಮತದ ಆಕ್ಷೇಪವನ್ನೂ ಅಷ್ಟೇ ಗಂಭೀರವಾಗಿ ಪ್ರಬಂಧದಲ್ಲಿ ಕೊಡಬೇಕು.

ಡಿಕ್ರಿ ಸಿಕ್ಕಿದಲ್ಲಿಗೆ ಟಿಪ್ಪಣಿ ನಿಲ್ಲಿಸಬೇಡಿ. ಅಮಲ್ಜಾರಿಯ, ಅಂದರೆ ಡಿಕ್ರಿಯ ಹಣ ವಸೂಲು ಮಾಡುವ, ಕಡತವನ್ನೂ ನೋಡಿ. ಮಾರ್ಕೋಸ್ 1972ರಲ್ಲಿ ಅರೆಲ್ಮಾ ಎಂಬ ಕಂಪನಿಯ ಹೆಸರಿನಲ್ಲಿ ನ್ಯೂಯಾರ್ಕಿನ ಮೆರಿಲ್ ಲಿಂಚ್‌ನಲ್ಲಿಟ್ಟ 20 ಲಕ್ಷ ಡಾಲರ್, 2000ದ ಹೊತ್ತಿಗೆ ಸುಮಾರು ಮೂರೂವರೆ ಕೋಟಿ ಡಾಲರಾಗಿ ಬೆಳೆದಿತ್ತು. ಅದು ಸಂತ್ರಸ್ತರಿಗೆ ಸೇರಬೇಕೆಂದು ರಿಯಾಲ್ ತೀರ್ಪಿತ್ತರು, ನೈನ್ತ್ ಸರ್ಕ್ಯೂಟ್ ಒಪ್ಪಿತು. 2008ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಸಾರ್ವಭೌಮ ರಾಷ್ಟ್ರವಾದ ಫಿಲಿಪ್ಪೀನ್ಸ್ ಕಕ್ಷಿಯಾಗದೆ ಈ ವ್ಯಾಜ್ಯವನ್ನು ಮುಂದುವರಿಸುವಂತಿಲ್ಲವೆಂದು ಅದನ್ನು ಬದಿಗೊತ್ತಿತು. ಬೇರೊಂದು ರಾಜಿಯ ಹಣದಿಂದ 2011ರಲ್ಲಿ ಮೊದಲ ಹಂಚಿಕೆಯಾಗಿ ಸುಮಾರು 7,500 ಜನರಿಗೆ ತಲಾ 1,000 ಡಾಲರ್ ಸಿಕ್ಕಿತು. ಸುಮಾರು 200 ಕೋಟಿ ಡಾಲರಿನ ಡಿಕ್ರಿ ಮತ್ತು ಮೊದಲ ಸಲ ಕೈಗೆ ಬಂದ ಸಾವಿರ ಡಾಲರ್, ಇವೆರಡನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ.

ದೂರಿನ ಕಟ್ಟು

ಇಲ್ಲಿಗೆ ಬಂದಾಗ ಕೈ ಇನ್ನಷ್ಟು ಬಿಗಿಯಾಗಿರಬೇಕು. 2000ದಲ್ಲಿ ರಿಯಾಲ್, ತಮ್ಮದೇ ಮೇಲ್ವಿಚಾರಣೆಯಲ್ಲಿ ಪ್ರೊಬೇಷನ್ (ಜೈಲಿನ ಬದಲು ನಿಗಾದಲ್ಲಿರುವ ಶಿಕ್ಷೆ) ಅನುಭವಿಸುತ್ತಿದ್ದ ಮಹಿಳೆಯೊಬ್ಬರ ದಿವಾಳಿ ಪ್ರಕರಣವನ್ನು, ಯಾರೂ ಅರ್ಜಿ ಹಾಕದೆ, ತಾವಾಗಿಯೇ ದಿವಾಳಿ ನ್ಯಾಯಾಲಯದಿಂದ ತಮ್ಮ ಬಳಿಗೆ ಎಳೆದುಕೊಂಡು, ಆಕೆಯನ್ನು ಮನೆಯಿಂದ ತೆರವುಗೊಳಿಸಲು ರಾಜ್ಯದ ನ್ಯಾಯಾಲಯ ಕೊಟ್ಟಿದ್ದ ತೀರ್ಪು ಜಾರಿಯಾಗದಂತೆ ತಡೆದರು. ಕಾರಣ ಬರೆಯಲಿಲ್ಲ. 2002ರಲ್ಲಿ ನೈನ್ತ್ ಸರ್ಕ್ಯೂಟ್ ಇದು ವಿವೇಚನಾಧಿಕಾರದ ದುರ್ಬಳಕೆ ಎಂದು ರದ್ದು ಮಾಡಿತು. ಅಲ್ಲಿಗೆ ಇದು ಮೇಲ್ಮನವಿ ಕಟ್ಟಿನ ಕಾಗದ. ಆದರೆ 2003ರಲ್ಲಿ ಇದೇ ಆದೇಶದ ಮೇಲೆ, 1980ರ ನ್ಯಾಯಾಂಗ ನಡವಳಿಕೆ ಕಾಯ್ದೆಯಡಿ, ದುರ್ನಡತೆಯ ದೂರು ದಾಖಲಾಯಿತು. ಒಂದೇ ಆದೇಶ ಎರಡು ಕಟ್ಟಿನಲ್ಲೂ ಬರುವುದು ಹೀಗೆ. ಅದರ ನಕಲನ್ನು ಎರಡೂ ಕಡೆ ಇಡಿ, ಆದರೆ ಟಿಪ್ಪಣಿಗಳನ್ನು ಬೆರೆಸಬೇಡಿ.

ದೂರಿನ ನಡೆಯನ್ನು ದಿನಾಂಕದ ಕ್ರಮದಲ್ಲೇ ಬರೆಯಬೇಕು. ಸರ್ಕ್ಯೂಟಿನ ಮುಖ್ಯ ನ್ಯಾಯಾಧೀಶರು ದೂರನ್ನು ವಜಾ ಮಾಡಿದರು. 2005ರಲ್ಲಿ ಸರ್ಕ್ಯೂಟಿನ ನ್ಯಾಯಾಂಗ ಮಂಡಳಿಯ ಬಹುಮತ ಅದನ್ನು ಒಪ್ಪಿದಾಗ, ನ್ಯಾಯಾಧೀಶ ಅಲೆಕ್ಸ್ ಕೊಜಿನ್‌ಸ್ಕಿ, ಸಹೋದ್ಯೋಗಿಯನ್ನು ಶಿಕ್ಷಿಸುವ ಕಹಿ ಕರ್ತವ್ಯದಿಂದ ಮಂಡಳಿ ಹಿಂಜರಿಯುತ್ತಿದೆಯೆಂಬ ಧಾಟಿಯಲ್ಲಿ ದೀರ್ಘ ಭಿನ್ನಮತ ಬರೆದರು. 2006ರಲ್ಲಿ ಪ್ರತಿನಿಧಿ ಸಭೆಯಲ್ಲಿ ಮಹಾಭಿಯೋಗದ ತನಿಖೆಗೆ ನಿರ್ಣಯ ಮಂಡನೆಯಾಯಿತು, ಸೆಪ್ಟೆಂಬರ್‌ನಲ್ಲಿ ಉಪಸಮಿತಿಯ ಮುಂದೆ ಸ್ವತಃ ರಿಯಾಲ್ ಹಾಜರಾಗಿ ಹೇಳಿಕೆ ಕೊಟ್ಟರು, ಮಹಾಭಿಯೋಗದ ಪ್ರಯತ್ನ ಅಲ್ಲಿಂದ ಮುಂದುವರಿಯಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ನ್ಯಾಯಾಂಗ ಮಂಡಳಿ ಬಹಿರಂಗ ಛೀಮಾರಿ ವಿಧಿಸಿತು, 2008ರ ಜನವರಿಯಲ್ಲಿ ಜುಡಿಷಿಯಲ್ ಕಾನ್ಫರೆನ್ಸ್‌ನ (ಇಡೀ ದೇಶದ ಫೆಡರಲ್ ನ್ಯಾಯಾಲಯಗಳ ನೀತಿ ರೂಪಿಸುವ ನ್ಯಾಯಾಧೀಶರ ಸಂಸ್ಥೆ) ಸಮಿತಿ ಅದನ್ನು ಎತ್ತಿಹಿಡಿಯಿತು.

ಅದೇ ದಿನ ಆ ಸಮಿತಿ ಕೊಟ್ಟ ಇನ್ನೊಂದು ನಿರ್ಧಾರವನ್ನು ತಪ್ಪದೆ ಓದಬೇಕು. ಕಾನೂನು ಕಾರಣ ಕೊಡಲೇಬೇಕೆಂದು ಹೇಳಿದ ಕಡೆಗಳಲ್ಲೂ ರಿಯಾಲ್ ಪದೇಪದೇ ಕಾರಣ ಕೊಡುತ್ತಿಲ್ಲವೆಂಬ ದೂರನ್ನು ಅದು ಮರುಪರಿಶೀಲನೆಗೆ ಕಳುಹಿಸಿತು. ಒಂದು ತಪ್ಪು ಆದೇಶ ದುರ್ನಡತೆಯಲ್ಲದಿದ್ದರೂ, ಕಾನೂನಿನ ಮಾನದಂಡವನ್ನು ಉದ್ದೇಶಪೂರ್ವಕವಾಗಿ ಕಡೆಗಣಿಸುವುದೇ ರೂಢಿಯಾಗಿ, ಕಕ್ಷಿದಾರರಿಗೆ ಖರ್ಚನ್ನೂ ವಿಳಂಬವನ್ನೂ ತಂದರೆ ಅದು ದುರ್ನಡತೆಯಾಗಬಹುದು ಎಂದಿತು. ಆರಂಭದಲ್ಲಿ ಹೇಳಿದ ಎರಡು ಬಗೆಗಳ ನಡುವಿನ ಗೆರೆ ಎಲ್ಲಿ ಮಸುಕಾಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ನಿಮ್ಮ ಪ್ರಬಂಧದ ಹೃದಯಭಾಗ ಇದೇ ಆಗಲಿ ಎಂದು ನಾನು ಆ ವಿದ್ಯಾರ್ಥಿಗಳಿಗೆ ಹೇಳಿದೆ.

ಗೆರೆ ಅಷ್ಟು ಎಚ್ಚರದಿಂದ ಎಳೆದಿರುವುದಕ್ಕೆ ಚರಿತ್ರೆಯ ಕಾರಣವಿದೆ. ಸುಪ್ರೀಂ ಕೋರ್ಟಿನ ಸ್ಯಾಮ್ಯುಯೆಲ್ ಚೇಸ್ ಅವರನ್ನು ಪೀಠದಲ್ಲಿ ರಾಜಕೀಯ ಪಕ್ಷಪಾತದಿಂದ ನಡೆದುಕೊಂಡರೆಂದು ಮಹಾಭಿಯೋಗಕ್ಕೆ ಒಳಪಡಿಸಿದಾಗ, 1805ರಲ್ಲಿ ಸೆನೆಟ್ ಖುಲಾಸೆ ಮಾಡಿತು. ತೀರ್ಪು ಹಿಡಿಸಲಿಲ್ಲವೆಂದು ನ್ಯಾಯಾಧೀಶರನ್ನು ತೆಗೆಯಬಾರದೆಂಬ ಸಂಪ್ರದಾಯ ಅಲ್ಲಿಂದ ಬಂತು.

ಎಣಿಕೆ ಮತ್ತು ಪದಗಳು

ರದ್ದಾದ ತೀರ್ಪುಗಳನ್ನು ಎಣಿಸಿ ಶೇಕಡಾವಾರು ಹೇಳುವ ಆಸೆ ಎಲ್ಲರಿಗೂ ಬರುತ್ತದೆ. 52 ವರ್ಷದಲ್ಲಿ ಇತ್ಯರ್ಥವಾದ ಒಟ್ಟು ಪ್ರಕರಣಗಳ ಸಂಖ್ಯೆಯೂ ಅವುಗಳಲ್ಲಿ ಮೇಲ್ಮನವಿಗೆ ಹೋದವುಗಳ ಸಂಖ್ಯೆಯೂ ಕೈಯಲ್ಲಿಲ್ಲದೆ ಅದನ್ನು ಮಾಡಬಾರದು. ಅದಕ್ಕಿಂತ ಉಪಯುಕ್ತವಾದದ್ದು, ಮೇಲ್ಮನವಿ ನ್ಯಾಯಾಲಯ ರಿಯಾಲ್ ಅವರ ಪ್ರಕರಣವನ್ನು ಮರಳಿ ಕಳುಹಿಸುವಾಗ ಬೇರೆ ನ್ಯಾಯಾಧೀಶರಿಗೆ ವಹಿಸಬೇಕೆಂದು ನಿರ್ದೇಶಿಸಿದ ಸಂದರ್ಭಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಕೊಟ್ಟ ಕಾರಣವನ್ನು ಬರೆದುಕೊಳ್ಳುವುದು. ಅಂಥ ನಿರ್ದೇಶನ ಸಾಮಾನ್ಯವಾಗಿ ಬರುವಂಥದ್ದಲ್ಲ. ಬಂದಾಗ ಅದು ಆದೇಶದ ಬಗ್ಗೆ ಮಾತ್ರವಲ್ಲ, ಪೀಠದ ಬಗ್ಗೆಯೂ ಏನನ್ನೋ ಹೇಳುತ್ತದೆ.

ಕನ್ನಡದಲ್ಲಿ ಬರೆಯುವಾಗ ಪದಗಳನ್ನು ಮೊದಲೇ ನಿಗದಿ ಮಾಡಿಕೊಳ್ಳಿ. ‘ಅಫರ್ಮ್’ ಎಂದರೆ ಎತ್ತಿಹಿಡಿಯುವುದು. ‘ರಿವರ್ಸ್’ ಎಂದರೆ ತೀರ್ಪನ್ನು ತಿರುವುಮುರುವು ಮಾಡುವುದು, ‘ವೆಕೇಟ್’ ಎಂದರೆ ಅದು ಇಲ್ಲದಂತೆ ಅಳಿಸುವುದು. ಎರಡಕ್ಕೂ ‘ರದ್ದು’ ಎಂದೇ ಬರೆದರೆ ವ್ಯತ್ಯಾಸ ಕಳೆದುಹೋಗುತ್ತದೆ. ‘ರಿಮಾಂಡ್’ ಇಲ್ಲಿ ಪ್ರಕರಣವನ್ನು ಕೆಳ ನ್ಯಾಯಾಲಯಕ್ಕೆ ಮರಳಿಸುವುದು, ಆರೋಪಿಯನ್ನು ಕಸ್ಟಡಿಗೆ ಕಳುಹಿಸುವುದಲ್ಲ. ಎಲ್ಲಕ್ಕಿಂತ ಅಪಾಯದ ಪದ ‘ವಾಗ್ದಂಡನೆ’. ನಮ್ಮ ಪತ್ರಿಕೆಗಳು ಇದನ್ನು ಸಂಸತ್ತು ನ್ಯಾಯಾಧೀಶರನ್ನು ಪದಚ್ಯುತಗೊಳಿಸುವ ಪ್ರಕ್ರಿಯೆಗೂ ಬಳಸುತ್ತವೆ, ಸರ್ಕಾರಿ ಸೇವಾ ನಿಯಮಗಳು ಅತ್ಯಂತ ಹಗುರವಾದ ದಂಡನೆಗೂ ಬಳಸುತ್ತವೆ. ರಿಯಾಲ್ ಅವರ ವಿಷಯದಲ್ಲಿ ಮೊದಲನೆಯದು ಚರ್ಚೆಗೆ ಬಂದು ನಿಂತುಹೋಯಿತು, ಎರಡನೆಯದಕ್ಕೆ ಹತ್ತಿರವಾದದ್ದು ನಿಜವಾಗಿ ಆಯಿತು. ಆ ವಿದ್ಯಾರ್ಥಿಗಳ ಕರಡಿನಲ್ಲಿ ‘2006ರಲ್ಲಿ ಅವರಿಗೆ ವಾಗ್ದಂಡನೆಯಾಯಿತು’ ಎಂಬ ವಾಕ್ಯವಿತ್ತು. ಓದಿದವರು ಅವರು ಹುದ್ದೆ ಕಳೆದುಕೊಂಡರೆಂದೇ ತಿಳಿಯುತ್ತಿದ್ದರು. ಅವರು ಆ ನಂತರವೂ 12 ವರ್ಷ ಪೂರ್ಣಾವಧಿ ನ್ಯಾಯಾಧೀಶರಾಗಿ ಅದೇ ನ್ಯಾಯಾಲಯದಲ್ಲಿ ಕೆಲಸ ಮಾಡಿದರು.

ಬರೆದು ಮುಗಿದ ಮೇಲೆ, ಪ್ರತಿ ವಿಶೇಷಣದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಅದಕ್ಕೆ ಆಧಾರವಾದ ಆದೇಶದ ಹೆಸರನ್ನೂ ವರ್ಷವನ್ನೂ ಬರೆಯಿರಿ. ಬರೆಯಲಾಗದ ಕಡೆ ವಿಶೇಷಣವನ್ನು ಹೊಡೆದುಹಾಕಿ. ಆಮೇಲೆ ಕರಡನ್ನು ಇಬ್ಬರು ವಕೀಲರಿಗೆ ಓದಲು ಕೊಡಿ. ಆ ಇಬ್ಬರಲ್ಲಿ ಒಬ್ಬರಾದರೂ ಕಾರಣವಿಲ್ಲದ ಆದೇಶದಿಂದ ತಮ್ಮ ಕಕ್ಷಿದಾರರು ಒಂದು ವರ್ಷದ ಬೆಳೆ ಕಳೆದುಕೊಂಡದ್ದನ್ನು ಕಂಡವರಾಗಿರಲಿ.